ಕೈಗುಣ, ಕೈಚಳಕ ಮತ್ತು ದಾಳದ ಗೋಪುರ

ಪಗಡೆ, ಚೌಕಾಬಾರ ಮೊದಲಾದ ಆಟಗಳನ್ನು ಕುರಿತು ನಮ್ಮಲ್ಲಿ ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಹಾಸು, ಕಾಯಿ, ದಾಳ, ನಿಯಮ ಎಂಬ ನಾಲ್ಕು ಅಂಗಗಳನ್ನು ಆಧರಿಸಿವೆ. ಐದನೆಯದೊಂದು ಅಂಗವಿದೆ. ಅದು ದಾಳವನ್ನು ಹಾಕುವ ಕೈ. ವಿವರಣೆಗೆ ಸುಲಭವಾಗಿ ಸಿಕ್ಕದ ಕಾರಣದಿಂದಲೋ ಏನೋ, ಈ ಕೈ ವಿದ್ವಾಂಸರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಆದರೆ ಆಡುವವರು ಅದನ್ನು ಎಂದೂ ಮರೆತವರಲ್ಲ. ಎದುರಾಳಿಯ ಕಾಯಿಗಿಂತ ಎದುರಾಳಿಯ ಕೈಯನ್ನೇ ಅವರು ಹೆಚ್ಚು ಎಚ್ಚರದಿಂದ ನೋಡುತ್ತಾರೆ. ಈ ಕೈಯನ್ನು ದಾಳದಿಂದ ಬೇರ್ಪಡಿಸಬೇಕು, ದಾಳ ತಾನಾಗಿ ಉರುಳಬೇಕು ಎಂಬ ಪ್ರಯತ್ನ ಸುಮಾರು ಎರಡು ಸಾವಿರ ವರ್ಷಗಳಿಂದ ಬೇರೆ ಬೇರೆ ನಾಡುಗಳಲ್ಲಿ ನಡೆದುಬಂದಿದೆ. ಆ ಪ್ರಯತ್ನದ ಚರಿತ್ರೆಯನ್ನು ಗುರುತಿಸಿ, ಅದು ನಮ್ಮ ಜನಪದ ಆಟಗಳನ್ನು ಕುರಿತು ಎತ್ತುವ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡದ ಎರಡು ಮಾತುಗಳು ಈ ಚರ್ಚೆಗೆ ಒದಗಿಬರುತ್ತವೆ. ಒಂದು ಕೈಗುಣ, ಇನ್ನೊಂದು ಕೈಚಳಕ. ನಾಟಿವೈದ್ಯನಿಗೆ ಕೈಗುಣವಿದೆ, ಬಿತ್ತುವವನಿಗೆ ಕೈಗುಣವಿದೆ, ಅಡುಗೆ ಮಾಡುವವಳಿಗೂ ಕೈಗುಣವಿದೆ. ಅದು ಕಲಿತು ಬರುವುದಲ್ಲ, ಹುಟ್ಟಿನಿಂದ ಕೈಯಲ್ಲಿರುವುದು ಎಂಬ ನಂಬಿಕೆ. ಕೈಚಳಕವಾದರೋ ಅಭ್ಯಾಸದಿಂದ ಬರುವಂಥದು. ಮೆಚ್ಚುಗೆಗೂ ಸಲ್ಲುತ್ತದೆ, ಶಂಕೆಗೂ ಸಲ್ಲುತ್ತದೆ. ಪಗಡೆಯ ಹಾಸಿನ ಮುಂದೆ ಕುಳಿತವನಿಗೆ ಮೇಲಿಂದ ಮೇಲೆ ಗರ ಬಿದ್ದರೆ ಅವನ ಕಡೆಯವರು ಅದನ್ನು ಕೈಗುಣವೆನ್ನುತ್ತಾರೆ, ಎದುರು ಕಡೆಯವರು ಕೈಚಳಕವೆನ್ನುತ್ತಾರೆ. ಕಂಡದ್ದು ಒಂದೇ, ಹೆಸರು ಎರಡು. ದಾಳವನ್ನು ಕೈಯಿಂದ ಬಿಡಿಸುವ ಸಾಧನವನ್ನು ರಚಿಸಿದವರೆಲ್ಲ ತೊಡೆಯಹೊರಟಿದ್ದು ಕೈಚಳಕವನ್ನು. ಅದರ ಜೊತೆಗೆ ಕೈಗುಣವೂ ಹೋಗುತ್ತದೆ ಎಂಬುದು ಅವರ ಚಿಂತೆಯಾಗಿರಲಿಲ್ಲ.

ಈ ಸಾಧನಗಳ ಸ್ಪಷ್ಟ ದಾಖಲೆ ಮೊದಲು ದೊರೆಯುವುದು ರೋಮನ್ ಜಗತ್ತಿನಲ್ಲಿ. ಅಲ್ಲಿ ಎರಡು ಬಗೆಯ ಉಪಕರಣಗಳಿದ್ದವು. ಮೊದಲನೆಯದು ಫ್ರಿಟಿಲ್ಲುಸ್ ಎಂಬ ಬಟ್ಟಲು. ದಾಳಗಳನ್ನು ಅದರೊಳಗೆ ಹಾಕಿ ಕುಲುಕಿ ಹಲಗೆಯ ಮೇಲೆ ಚೆಲ್ಲುತ್ತಿದ್ದರು. ಬೆರಳು ದಾಳವನ್ನು ಮುಟ್ಟದಿದ್ದರೂ ಬಟ್ಟಲನ್ನು ಹಿಡಿದ ಕೈ ಆಟಗಾರನದೇ ಆಗಿತ್ತು. ಎರಡನೆಯದು ಗೋಪುರ. ಲ್ಯಾಟಿನ್‌ನಲ್ಲಿ ಟುರ್ರಿಕುಲಾ, ಎಂದರೆ ಕಿರುಗೋಪುರ. ಗ್ರೀಕಿನಿಂದ ಬಂದ ಇನ್ನೊಂದು ಹೆಸರು ಪಿರ್ಗುಸ್. ಮೇಲಿನ ಬಾಯಿಯಿಂದ ಹಾಕಿದ ದಾಳ ಒಳಗಿನ ತಡೆಪಟ್ಟಿಗಳ ಮೇಲೆ ಬಿದ್ದು, ಪುಟಿದು, ಮಗುಚಿ, ಕೆಳಗಿನ ಬಾಗಿಲಿನಿಂದ ಹೊರಬರುತ್ತದೆ. ಕ್ರಿ.ಶ. ಒಂದನೆಯ ಶತಮಾನದ ಕವಿ ಮಾರ್ಷಿಯಲ್ ಉಡುಗೊರೆಯ ವಸ್ತುಗಳನ್ನು ಕುರಿತು ರಚಿಸಿದ ಕಿರುಪದ್ಯಗಳಲ್ಲಿ ಒಂದು ಈ ಗೋಪುರವನ್ನು ಕುರಿತದ್ದು. ಅಲ್ಲಿ ಗೋಪುರವೇ ಮಾತನಾಡುತ್ತದೆ. ದಾಳವನ್ನು ಮೊದಲೇ ಜೋಡಿಸಿಟ್ಟು ಎಸೆಯಬಲ್ಲ ಕಳ್ಳಗೈ ತನ್ನ ಮೂಲಕ ಎಸೆದರೆ ಹಾರೈಕೆಯೊಂದನ್ನುಳಿದು ಮತ್ತೇನನ್ನೂ ಮಾಡಲಾರದು ಎಂಬುದು ಅದರ ತಾತ್ಪರ್ಯ. ಸಾಧನದ ಉದ್ದೇಶವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ.

ಇಂಥ ಗೋಪುರವೊಂದು ೧೯೮೫ರಲ್ಲಿ ಜರ್ಮನಿಯ ರೈನ್‌ಲ್ಯಾಂಡ್ ಪ್ರದೇಶದ ಫ್ವೆಟ್‌ವೈಸ್-ಫ್ರೋಯಿಟ್ಸ್‌ಹೈಮ್ ಎಂಬಲ್ಲಿ ರೋಮನ್ ಕಾಲದ ತೋಟದ ಮನೆಯೊಂದರ ನಿವೇಶನದಲ್ಲಿ ದೊರೆಯಿತು. ಕ್ರಿ.ಶ. ನಾಲ್ಕನೆಯ ಶತಮಾನದ್ದು. ತಾಮ್ರಮಿಶ್ರ ಲೋಹದ ತಗಡುಗಳಿಂದ ಮಾಡಿದ್ದು. ಎತ್ತರ ಒಂದು ಗೇಣಿಗೆ ತುಸು ಹೆಚ್ಚು. ಅದೀಗ ಬಾನ್ ನಗರದ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದರ ರಚನೆಯನ್ನು ತುಸು ವಿವರವಾಗಿ ನೋಡಬೇಕು. ಪಕ್ಕದ ತಗಡುಗಳನ್ನು ಜಾಲಂಧ್ರದಂತೆ ಕೊರೆದಿದ್ದಾರೆ. ಆದುದರಿಂದ ಒಳಗೆ ಬೀಳುವ ದಾಳ ಹೊರಗಿನವರಿಗೆ ಕಾಣುತ್ತದೆ. ಒಳಗೆ ಓರೆಯಾಗಿ ನಿಲ್ಲಿಸಿದ ಮೂರು ಅಂತಸ್ತಿನ ತಡೆಗಳಿವೆ. ಕೆಳಗೆ ಪುಟ್ಟ ಮೆಟ್ಟಿಲುಗಳು. ಹೊರಬರುವ ದಾಳಕ್ಕೆ ತಗುಲಿ ಸದ್ದಾಗುವಂತೆ ಬಾಗಿಲಲ್ಲಿ ಕಿರುಗಂಟೆಗಳನ್ನು ತೂಗುಹಾಕಲಾಗಿತ್ತು. ನೋಟಕ್ಕೂ ಸಾಕ್ಷಿ, ಕಿವಿಗೂ ಸಾಕ್ಷಿ. ಕೈಯನ್ನು ದೂರವಿಟ್ಟರೆ ಸಾಲದು, ದೂರವಿಟ್ಟದ್ದು ಎಲ್ಲರಿಗೂ ತಿಳಿಯಬೇಕು ಎಂಬ ವಿವೇಕ ಈ ರಚನೆಯಲ್ಲಿದೆ. ಮುಚ್ಚಿದ ಪೆಟ್ಟಿಗೆಯೊಂದು ಇದೇ ಕೆಲಸವನ್ನು ಮಾಡಬಲ್ಲದು, ಆದರೆ ಅದನ್ನು ನಂಬುವವರು ಯಾರು?

ಗೋಪುರದ ಮೇಲೆ ಬರೆಹವೂ ಇದೆ. ಬಳಸಿ ಸುಖವಾಗಿ ಬಾಳು ಎಂಬ ಹಾರೈಕೆ ಮೇಲ್ಭಾಗದಲ್ಲಿದ್ದರೆ, ಮುಂಭಾಗದಲ್ಲಿ ಪಿಕ್ಟರು ಸೋತರು, ಶತ್ರು ನಾಶವಾದನು, ನಿಶ್ಚಿಂತರಾಗಿ ಆಡಿರಿ ಎಂಬರ್ಥದ ಆರು ಲ್ಯಾಟಿನ್ ಪದಗಳಿವೆ. ಪಿಕ್ಟರು ಬ್ರಿಟನ್ನಿನ ಉತ್ತರ ಭಾಗದ ಜನ. ಆರು ಪದಗಳಲ್ಲಿ ಒಂದೊಂದಕ್ಕೂ ಆರಾರು ಅಕ್ಷರ, ಒಟ್ಟು ಮೂವತ್ತಾರು. ರೋಮನ್ನರ ಒಂದು ಹಲಗೆಯಾಟದಲ್ಲಿ ಮನೆಗಳೂ ಮೂವತ್ತಾರೇ. ಮನೆಗಳ ಬದಲು ಆರಕ್ಷರದ ಆರು ಪದಗಳನ್ನು ಕೊರೆದ ಹಲಗೆಗಳು ಹಲವೆಡೆ ದೊರೆತಿವೆ. ಗೋಪುರದ ಬರೆಹ ಆ ಹಲಗೆಗಳ ಸಂಪ್ರದಾಯಕ್ಕೆ ಸೇರಿದ್ದು. ನಿಶ್ಚಿಂತರಾಗಿ ಆಡಿರಿ ಎಂಬ ಮಾತು ಗಡಿಯ ಶತ್ರುವನ್ನು ಕುರಿತದ್ದೆಂಬುದು ಸ್ಪಷ್ಟ. ಆದರೆ ದಾಳದ ಗೋಪುರದ ಮೇಲೆ ಅದನ್ನು ಓದುವಾಗ ಎದುರಿಗೆ ಕುಳಿತವನ ಕೈಯನ್ನೂ ಕುರಿತ ಮಾತೆಂದು ತೋರುವುದು ಸಹಜ. ಇದು ನನ್ನ ಊಹೆ ಮಾತ್ರ.

ಇದೇ ರೋಮನ್ನರು ಸಾಧನವನ್ನು ಶಿಕ್ಷೆಯನ್ನಾಗಿಯೂ ಕಲ್ಪಿಸಿಕೊಂಡರು. ಚಕ್ರವರ್ತಿ ಕ್ಲಾಡಿಯಸ್ ದಾಳದಾಟದ ವ್ಯಸನಿ. ಅವನು ಆ ಕುರಿತು ಒಂದು ಪುಸ್ತಕವನ್ನೇ ಬರೆದಿದ್ದನೆಂದೂ ಪ್ರಯಾಣದಲ್ಲಿ ಆಟ ಕೆಡದಂತೆ ಗಾಡಿಯಲ್ಲಿ ಹಲಗೆಯನ್ನು ಅಳವಡಿಸಿಕೊಂಡಿದ್ದನೆಂದೂ ಚರಿತ್ರಕಾರ ಸ್ಯೂಟೋನಿಯಸ್ ಹೇಳುತ್ತಾನೆ. ಸೆನೆಕನದೆನ್ನಲಾದ ವಿಡಂಬನ ಕೃತಿಯೊಂದರಲ್ಲಿ ಸತ್ತ ಕ್ಲಾಡಿಯಸ್‌ನಿಗೆ ಪಾತಾಳದಲ್ಲಿ ವಿಧಿಸುವ ದಂಡನೆ ಹೀಗಿದೆ: ತಳವಿಲ್ಲದ ಬಟ್ಟಲಿನಿಂದ ಸದಾ ದಾಳ ಹಾಕುತ್ತಿರಬೇಕು. ತೂತು ಬಿಂದಿಗೆಯಲ್ಲಿ ನೀರು ತುಂಬುವ ನಮ್ಮ ಕಥೆಗಳ ಆಶಯಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ಜಾನಪದ ವಿದ್ಯಾರ್ಥಿಗಳು ಗಮನಿಸಬಹುದು.

ಪೂರ್ವ ರೋಮನ್ ಸಾಮ್ರಾಜ್ಯದಲ್ಲಿಯೂ ಗೋಪುರ ಬಳಕೆಯಲ್ಲಿತ್ತು. ಐದನೆಯ ಶತಮಾನದ ಚಕ್ರವರ್ತಿ ಝೀನೋ ಆಡಿದ ಒಂದು ಆಟದಲ್ಲಿ ಮೂರು ದಾಳಗಳು ಎರಡು, ಐದು, ಆರು ಎಂದು ಬಿದ್ದು ಅವನ ಸ್ಥಿತಿ ಏಕಾಏಕಿ ಕೆಟ್ಟುಹೋದ ಪ್ರಸಂಗವನ್ನು ಆರನೆಯ ಶತಮಾನದ ಅಗಾಥಿಯಸ್ ಪದ್ಯವಾಗಿಸಿದ್ದಾನೆ. ಒಳಗೆ ಏಣಿಯನ್ನು ಅಡಗಿಸಿಕೊಂಡ ಮರದ ಗೋಪುರ ಅಲ್ಲಿ ಬರುತ್ತದೆ. ಚಕ್ರವರ್ತಿಯ ಕೈಗೂ ವಿನಾಯಿತಿ ಇರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಏಳನೆಯ ಶತಮಾನದ ಆರಂಭದಲ್ಲಿ ಸೆವಿಲ್ಲೆಯ ಇಸಿಡೋರ್ ತನ್ನ ನಿರುಕ್ತ ಕೋಶದಲ್ಲಿ ಗೋಪುರಕ್ಕೆ ಪ್ರತ್ಯೇಕ ಉಲ್ಲೇಖವನ್ನೇ ಕೊಟ್ಟಿದ್ದಾನೆ.

ಇನ್ನು ಭಾರತದ ಸಂಗತಿ. ಮೊಹೆಂಜೊದಾರೊ, ಹರಪ್ಪಗಳಲ್ಲಿ ಆರು ಮುಖದ ದಾಳಗಳು ದೊರೆತಿವೆಯಾದರೂ ವೈದಿಕ ಕಾಲದ ಅಕ್ಷಕ್ರೀಡೆ ಬೇರೆ ಬಗೆಯದು. ಋಗ್ವೇದದ ಹತ್ತನೆಯ ಮಂಡಲದ ಜೂಜುಗಾರನ ಸೂಕ್ತದಲ್ಲಿ ಬರುವ ಅಕ್ಷಗಳು ತಾರೆಕಾಯಿಗಳು. ಅವುಗಳಿಗೆ ಚುಕ್ಕೆಯ ಮುಖಗಳಿಲ್ಲ. ರಾಶಿಯಿಂದ ಹಿಡಿಯಷ್ಟು ತೆಗೆದು ನಾಲ್ಕು ನಾಲ್ಕಾಗಿ ಎಣಿಸುವುದು ಆಟದ ಕ್ರಮವೆಂದು ವಿದ್ವಾಂಸರು ವಿವರಿಸುತ್ತಾರೆ. ಉಳಿದ ಸಂಖ್ಯೆಯ ಮೇಲೆ ಕೃತ, ತ್ರೇತಾ, ದ್ವಾಪರ, ಕಲಿ ಎಂಬ ಹೆಸರು. ಇಂಥ ಆಟದಲ್ಲಿ ಹಿಡಿಯೇ ಆಟ. ಅಲ್ಲಿಂದ ಕೈಯನ್ನು ತೆಗೆದರೆ ಏನೂ ಉಳಿಯುವುದಿಲ್ಲ. ನಳೋಪಾಖ್ಯಾನದಲ್ಲಿ ಋತುಪರ್ಣನು ತಾರೆಮರದ ಎಲೆ, ಕಾಯಿಗಳನ್ನು ಕ್ಷಣಮಾತ್ರದಲ್ಲಿ ಎಣಿಸಿ ಹೇಳುವುದು, ಅವನಿಂದ ನಳನು ಅಕ್ಷಹೃದಯವನ್ನು ಕಲಿಯುವುದು, ಇವೆಲ್ಲ ಅರ್ಥವಾಗುವುದು ಈ ಹಿನ್ನೆಲೆಯಲ್ಲಿಯೇ. ಕನಕದಾಸರ ನಳಚರಿತ್ರೆಯನ್ನು ಓದುವ ನಮ್ಮವರು ಅದನ್ನು ಪಗಡೆಯ ದಾಳದ ವಿದ್ಯೆಯೆಂದೇ ಭಾವಿಸುತ್ತಾರೆ. ತಪ್ಪೇನಲ್ಲ; ಕಾಲ ಬದಲಾದಂತೆ ಕಥೆಯೊಳಗಿನ ಸಾಧನವೂ ಬದಲಾಗುತ್ತದೆ.

ವಂಚನೆಗೆ ರೋಮನ್ನರು ಉಪಕರಣದಲ್ಲಿ ಪರಿಹಾರ ಕಂಡರೆ ಕೌಟಿಲ್ಯನು ಅಧಿಕಾರಿಯಲ್ಲಿ ಕಂಡನು. ಅರ್ಥಶಾಸ್ತ್ರದ ಮೂರನೆಯ ಅಧಿಕರಣದ ಕೊನೆಯ ಅಧ್ಯಾಯ ಇದಕ್ಕೆ ಆಧಾರ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಇದರ ಓಲೆಪ್ರತಿಯನ್ನು ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದ್ದು ಸರ್ವವಿದಿತ. ದ್ಯೂತಾಧ್ಯಕ್ಷನು ಜೂಜನ್ನು ಒಂದೇ ಸ್ಥಳದಲ್ಲಿ ನಡೆಯುವಂತೆ ಮಾಡಬೇಕು, ಬೇರೆಡೆ ಆಡಿದವನಿಗೆ ೧೨ ಪಣ ದಂಡ. ಜೂಜಾಡುವವರು ಬಹುಮಟ್ಟಿಗೆ ಮೋಸಗಾರರೇ ಆಗಿರುವುದರಿಂದ ಶುದ್ಧವಾದ ಕವಡೆ, ದಾಳಗಳನ್ನು ಅಧ್ಯಕ್ಷನೇ ಒದಗಿಸಬೇಕು. ಅವುಗಳನ್ನು ಬದಲಿಸಿದರೆ ಮತ್ತೆ ೧೨ ಪಣ. ಕಪಟವಾಡಿದರೆ ಇನ್ನೂ ದೊಡ್ಡ ದಂಡ, ಗೆದ್ದದ್ದೂ ಹೋಗುತ್ತದೆ. ಗೆದ್ದ ಹಣದಲ್ಲಿ ನೂರಕ್ಕೆ ಐದು ಪಾಲು, ದಾಳದ ಬಾಡಿಗೆ, ನೀರಿನ ಮತ್ತು ಜಾಗದ ಶುಲ್ಕ ಇವೆಲ್ಲ ಅಧ್ಯಕ್ಷನಿಗೆ ಸಲ್ಲುತ್ತವೆ. ಇಲ್ಲಿ ಪರೀಕ್ಷೆಗೊಳಗಾಗುವುದು ದಾಳ. ಕೈಯನ್ನು ಕಾಯುವುದು ಕಣ್ಣು. ಕಣ್ಣಿಗೆ ಸಂಬಳ ಕೊಡುವ ರಾಜ್ಯಕ್ಕೆ ಜೂಜಿನಿಂದ ವರಮಾನವೂ ಇದೆ ಎಂಬುದನ್ನು ಮರೆಯಬಾರದು.

ಜಾತಕ ಕಥೆಗಳಲ್ಲಿ ಈ ಸಮಸ್ಯೆಗೆ ಇನ್ನೂ ಸ್ವಾರಸ್ಯಕರವಾದ ರೂಪಗಳಿವೆ. ಅಂಡಭೂತ ಜಾತಕದಲ್ಲಿ ಕಾಶಿಯ ರಾಜ ಬೆಳ್ಳಿಯ ಹಲಗೆಯ ಮೇಲೆ ಚಿನ್ನದ ದಾಳ ಹಾಕುತ್ತ ಒಂದು ಹಾಡು ಹೇಳುತ್ತಾನೆ. ಅವಕಾಶ ಸಿಕ್ಕರೆ ಹೆಂಗಸರೆಲ್ಲ ತಪ್ಪುವರೆಂಬುದು ಆ ಹಾಡಿನ ಸಾರ. ಹಾಡಿನಲ್ಲಿರುವ ಸತ್ಯದ ಬಲದಿಂದ ಅವನು ಗೆಲ್ಲುತ್ತಾನೆಂದು ಕಥೆಯ ನಂಬಿಕೆ. ಸೋತು ಸೋತು ಬೇಸತ್ತ ಪುರೋಹಿತನು ಹುಡುಗಿಯೊಬ್ಬಳನ್ನು ಗಂಡಸರ ಮುಖ ಕಾಣದಂತೆ ಬೆಳೆಸಿ, ತನ್ನ ಮನೆಯವಳೊಬ್ಬಳನ್ನು ಬಿಟ್ಟು ಎಂದು ಹಾಡಿಗೆ ಬಾಲ ಸೇರಿಸುತ್ತಾನೆ. ಗೆಲುವು ಅವನ ಕಡೆಗೆ ತಿರುಗುತ್ತದೆ. ರಾಜನು ಒಬ್ಬ ಧೂರ್ತನನ್ನು ಬಿಟ್ಟು ಆ ಹುಡುಗಿಯನ್ನು ಕೆಡಿಸಿದ ಮೇಲೆಯೇ ಹಾಡಿಗೆ ಮತ್ತೆ ಬಲ ಬರುವುದು. ಇಬ್ಬರು ಗಂಡಸರ ಜೂಜಿಗೆ ಒಂದು ಹೆಣ್ಣಿನ ಬಾಳು ಒತ್ತೆಯಾಗುವುದರಲ್ಲಿ ಈ ಕಥೆ ಮಹಾಭಾರತದ ಸಭೆಗಿಂತ ದೂರವಿಲ್ಲ. ಲಿತ್ತ ಜಾತಕದಲ್ಲಿಯಾದರೋ ಸೋಲು ಕಂಡಾಗಲೆಲ್ಲ ಒಬ್ಬ ಆಟಗಾರ ದಾಳವನ್ನು ಬಾಯಿಗೆ ಹಾಕಿಕೊಂಡು, ದಾಳ ಕಳೆದುಹೋಯಿತೆಂದು ಆಟ ಮುರಿಯುತ್ತಾನೆ. ಎದುರಾಳಿ ದಾಳಕ್ಕೆ ವಿಷ ಲೇಪಿಸಿ ತರುತ್ತಾನೆ; ಅವನು ಬಾಯಿಗಿಟ್ಟು ಮೂರ್ಛೆ ಹೋದಾಗ ಮದ್ದು ಕೊಟ್ಟು ಬದುಕಿಸುವವನೂ ಅವನೇ. ಸೋಕುವ ದಾಳ ಅಪಾಯಕಾರಿ ಎಂಬ ಕಲ್ಪನೆ ಇಷ್ಟು ನೇರವಾಗಿ ಬರುವ ಕಥೆ ಅಪರೂಪ.

ನಮ್ಮ ಹಳ್ಳಿಗಳಲ್ಲಿ ಪ್ರಚಲಿತವಿರುವ ಶಕುನಿಯ ಕಥೆ ವ್ಯಾಸಭಾರತದಲ್ಲಿ ಇಲ್ಲದ್ದು. ಸೆರೆಮನೆಯಲ್ಲಿ ತಂದೆ, ಅಣ್ಣತಮ್ಮಂದಿರು ತಮ್ಮ ಪಾಲಿನ ಅಗುಳನ್ನು ಶಕುನಿಯೊಬ್ಬನಿಗೇ ಉಣಿಸಿ ಸಾಯುತ್ತಾರೆ. ತಂದೆಯ ಮೂಳೆಯಿಂದ ಅವನು ದಾಳ ಕೆತ್ತಿಸುತ್ತಾನೆ. ಹೇಳಿದ ಗರವನ್ನು ಅವು ಬೀಳಿಸುತ್ತವೆ. ಈ ಕಥೆಯಲ್ಲಿ ಕೈಚಳಕಕ್ಕೆ ಸ್ಥಾನವೇ ಇಲ್ಲ. ದಾಳವೇ ರಕ್ತಸಂಬಂಧಿ, ದಾಳಕ್ಕೇ ಹಗೆ ಇದೆ. ಶಕುನಿಯ ದಾಳಗಳನ್ನು ರೋಮನ್ ಗೋಪುರದೊಳಗೆ ಹಾಕಿದರೂ ಬೇಕಾದ ಗರವೇ ಬಿದ್ದೀತು! ಯಂತ್ರವು ಕೈಯನ್ನು ತಡೆಯಬಲ್ಲದು, ಮೂಳೆಯ ನೆನಪನ್ನು ತಡೆಯಲಾರದು ಎಂಬುದು ಜನಪದ ಕಥೆಗಾರನ ತರ್ಕ. ಇತ್ತ ದಾಳವೇ ಇಲ್ಲದ ಆಟವೂ ಕ್ಷೇಮವಲ್ಲ. ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ ದಾರಗರೆಂಬ ಅವಳಿ ಸೋದರಿಯರು ಆಡುವುದು ಚೆನ್ನೆಮಣೆ. ಅಲ್ಲಿ ಎಲ್ಲ ಕಾಳೂ ಕಣ್ಣೆದುರಿಗೇ ಇರುತ್ತವೆ, ಆದರೂ ಜಗಳವೆದ್ದು ಮಣೆಯ ಏಟಿಗೆ ಒಬ್ಬಳ ಪ್ರಾಣ ಹೋಗುತ್ತದೆ.

ಕನ್ನಡದಲ್ಲಿ ದಾಳದಾಟಕ್ಕೆ ನೆತ್ತ ಎಂಬ ಹಳೆಯ ಹೆಸರಿದೆ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಭಾನುಮತಿ ಮತ್ತು ಕರ್ಣರು ನೆತ್ತವಾಡಿದ ಪ್ರಸಂಗ, ಸೋತವರು ಯಾರೆಂಬ ಪ್ರಶ್ನೆಯನ್ನೆತ್ತಿ ವಿದ್ವಾಂಸರಲ್ಲಿ ದೀರ್ಘ ಚರ್ಚೆಗೆ ಕಾರಣವಾದದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೆ ಮೀಸಲಾದದ್ದು. ಆದರೆ ನಮ್ಮ ಪಗಡೆಯ ದಾಳ ರೋಮನ್ನರ ದಾಳದಂತಲ್ಲ. ಅದು ಉದ್ದನೆಯ ಕಡ್ಡಿಯಾಕಾರದ್ದು. ನಾಲ್ಕು ಮುಖಗಳಲ್ಲಿ ಒಂದು, ಮೂರು, ನಾಲ್ಕು, ಆರು. ಎರಡೂ ಐದೂ ಇಲ್ಲ. ಅದನ್ನು ಎರಡು ಅಂಗೈಗಳ ನಡುವೆ ಹೊಸೆದು ಹಾಸಿನ ಮೇಲೆ ಉರುಳಿಸುತ್ತಾರೆ. ಚೌಕಾಬಾರದಲ್ಲಿ ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು, ಎಂದರೆ ಬಾರ. ಕವಡೆ ಇಲ್ಲದವರಿಗೆ ಒಂದು ಬದಿ ತೇಯ್ದ ಹುಣಸೆಬೀಜ ಸಾಕು. ಕವಡೆಯ ಎರಡು ಮೈಗಳು ಸಮವಲ್ಲ, ಬೀಜದ ಎರಡು ಮೈಗಳೂ ಸಮವಲ್ಲ. ಅದರಿಂದ ಹಾಕುವ ಎತ್ತರ, ಕುಲುಕುವ ರೀತಿ, ನೆಲದ ಗಡಸು ಇವೆಲ್ಲ ಗರದ ಮೇಲೆ ಪ್ರಭಾವ ಬೀರುತ್ತವೆ. ಶಿವರಾತ್ರಿಯ ಜಾಗರಣೆಯಲ್ಲಿ ದೇವಸ್ಥಾನದ ಜಗಲಿಯ ಮೇಲೆ ಆಡುವವರು ಇದನ್ನು ಬಲ್ಲರು. ಹಾಸಿನಿಂದ ಹೊರಗೆ ಬಿದ್ದದ್ದು, ಇನ್ನೊಂದಕ್ಕೆ ಒರಗಿ ನಿಂತದ್ದು ಲೆಕ್ಕಕ್ಕಿಲ್ಲವೆಂದು ಮೊದಲೇ ಮಾತಾಡಿಕೊಳ್ಳುವುದು ಅದಕ್ಕಾಗಿಯೇ. ಅಂದರೆ ನಮ್ಮಲ್ಲಿ ಕೈಯನ್ನು ಅಂಕೆಯಲ್ಲಿಟ್ಟದ್ದು ಮಾತು ಮತ್ತು ಸುತ್ತ ನೆರೆದ ಕಣ್ಣುಗಳು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಪ್ರಶ್ನೆ ಆಟದ ಮನೆಯಿಂದ ಸಂಖ್ಯಾಶಾಸ್ತ್ರಜ್ಞರ ಮೇಜಿಗೆ ಬಂತು. ಯಾದೃಚ್ಛಿಕ ಸಂಖ್ಯೆಗಳನ್ನು ಪಡೆಯಲು ದಾಳಕ್ಕಿಂತ ಉತ್ತಮ ಸಾಧನವಿಲ್ಲವೆಂದು ೧೮೯೦ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಬರೆದನು. ದಾಳಗಳನ್ನು ಬುಟ್ಟಿಯಲ್ಲಿ ಹಾಕಿ ಕುಲುಕುವಾಗ ಅವು ಪರಸ್ಪರ ತಾಗಿ, ಬುಟ್ಟಿಯ ಹೆಣಿಗೆಗೂ ತಾಗಿ ಹೊರಳುತ್ತವೆ ಎಂಬುದು ಅವನ ವಿವರಣೆ. ವೆಲ್ಡನ್ ಎಂಬ ಜೀವವಿಜ್ಞಾನಿ ೧೨ ದಾಳಗಳನ್ನು ೨೬,೩೦೬ ಬಾರಿ ಹಾಕಿಸಿ ೧೮೯೪ರಲ್ಲಿ ಗಾಲ್ಟನ್‌ಗೆ ಲೆಕ್ಕ ಕಳುಹಿಸಿದನು. ಒಟ್ಟು ೩,೧೫,೬೭೨ ಫಲಗಳಲ್ಲಿ ಐದು ಅಥವಾ ಆರು ಬಿದ್ದದ್ದು ೧,೦೬,೬೦೨ ಬಾರಿ. ಮೂರರಲ್ಲೊಂದು ಪಾಲಾದರೆ ೧,೦೫,೨೨೪ ಆಗಬೇಕಿತ್ತು. ಈ ಸಣ್ಣ ಹೆಚ್ಚಳ ಆಕಸ್ಮಿಕವಲ್ಲವೆಂದು ಕಾರ್ಲ್ ಪಿಯರ್ಸನ್ ೧೯೦೦ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪರೀಕ್ಷಾಕ್ರಮದಿಂದ ತೋರಿಸಿದನು. ಹೆಚ್ಚು ಚುಕ್ಕೆಗಳನ್ನು ಕೊರೆದ ಮುಖ ಹಗುರಾಗಿ ಮೇಲೆ ಬರುತ್ತದೆಂಬುದು ಇದಕ್ಕೆ ಕೊಡುವ ಕಾರಣ. ೨೦೦೯ರಲ್ಲಿ ಷಿಕಾಗೋದ ಝಕಾರಯ ಲ್ಯಾಬಿ ಅಷ್ಟೇ ದಾಳಗಳನ್ನು ಅಷ್ಟೇ ಬಾರಿ ಕೈ ಸೋಕದೆ ಯಂತ್ರದಿಂದ ಹಾಕಿಸಿ, ಕ್ಯಾಮೆರಾ ಮತ್ತು ಕಂಪ್ಯೂಟರಿನಿಂದ ಓದಿಸಿದನು. ಆಗ ಒಂದು ಮತ್ತು ಆರು ತುಸು ಹೆಚ್ಚು ಬಿದ್ದವು. ಕೈಯನ್ನು ಪೂರ್ತಿಯಾಗಿ ತೆಗೆದ ಮೇಲೂ ದಾಳ ನಿಷ್ಪಕ್ಷಪಾತಿಯಾಗಲಿಲ್ಲ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ. ಬಿ. ರೈನ್ ೧೯೩೦ರ ದಶಕದಲ್ಲಿ ಆರಂಭಿಸಿದ ಪ್ರಯೋಗಗಳು ಇದಕ್ಕೆ ವಿರುದ್ಧ ದಿಕ್ಕಿನವು. ಮನಸ್ಸಿನ ಬಲದಿಂದ ಬೇಕಾದ ಮುಖವನ್ನು ಬೀಳಿಸಬಹುದೇ ಎಂದು ಅವನು ಪರೀಕ್ಷಿಸಿದನು. ಮೊದಲು ಕೈಯಿಂದ, ಬಳಿಕ ಇಳಿಜಾರು ಹಲಗೆಯಿಂದ, ಅನಂತರ ವಿದ್ಯುತ್ತಿನಿಂದ ತಿರುಗುವ ಪಂಜರದಿಂದ ದಾಳ ಹಾಕಿಸಿದನು. ಅವನ ನಿರ್ಣಯಗಳನ್ನು ವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪಿಲ್ಲ. ಜಾನಪದದ ದೃಷ್ಟಿಯಿಂದ ನೋಡಿದರೆ ಕೈಚಳಕವನ್ನು ಕಳೆದು ಕೈಗುಣವನ್ನು ಮಾತ್ರ ಉಳಿಸಿಕೊಳ್ಳುವ ಏಕೈಕ ಪ್ರಯತ್ನ ಅದು.

ನಮ್ಮ ಪಚ್ಚೀಸಿನ ಕವಡೆಗಳನ್ನು ಕೈಬಿಟ್ಟು, ಆರು ಮುಖದ ದಾಳವನ್ನೂ ಅದಕ್ಕೊಂದು ಬಟ್ಟಲನ್ನೂ ಜೋಡಿಸಿ ಇಂಗ್ಲೆಂಡಿನಲ್ಲಿ ೧೮೯೬ರಲ್ಲಿ ಲೂಡೋ ಹೆಸರಿನಲ್ಲಿ ಹಕ್ಕುಪತ್ರ ಪಡೆದರು. ಅದೇ ವಂಶದ ಟ್ರಬಲ್ ಎಂಬ ಆಟ ಅಮೆರಿಕದಲ್ಲಿ ೧೯೬೫ರಲ್ಲಿ ಬಂದಾಗ ದಾಳ ಪಾರದರ್ಶಕ ಗುಮ್ಮಟದೊಳಗೆ ಸೇರಿತು. ಗುಮ್ಮಟವನ್ನು ಒತ್ತಿದರೆ ತಳದ ತಗಡು ಚಿಮ್ಮಿ ದಾಳ ಹಾರುತ್ತದೆ. ದಾಳ ಕಳೆಯುವುದಿಲ್ಲ, ಮಗು ನುಂಗುವುದೂ ಇಲ್ಲ. ಲಿತ್ತ ಜಾತಕದ ಜೂಜುಗಾರನಿಗೆ ಇಲ್ಲಿ ಕೆಲಸವಿಲ್ಲ. ೨೦೨೦ರ ಸಾಂಕ್ರಾಮಿಕದ ದಿನಗಳಲ್ಲಿ ಲಕ್ಷಾಂತರ ಮನೆಗಳಲ್ಲಿ ಲೂಡೋ ಮೊಬೈಲಿಗೆ ಬಂದಾಗ ದಾಳವೆಂಬ ವಸ್ತುವೇ ಇಲ್ಲವಾಯಿತು. ಗೋಪುರದ ಜಾಲಂಧ್ರವಿಲ್ಲ, ಕಿರುಗಂಟೆಯಿಲ್ಲ. ಗರ ಎಲ್ಲಿಂದ ಬಂತೆಂದು ಆಡುವವನಿಗೆ ತೋರುವುದಿಲ್ಲ. ಹಣವಿಟ್ಟು ಆಡುವ ಇಂಥ ಆಟಗಳನ್ನು ತಡೆಯಲು ಕರ್ನಾಟಕ ಸರ್ಕಾರ ೨೦೨೧ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ೨೦೨೨ರ ಫೆಬ್ರವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ರದ್ದುಪಡಿಸಿತು. ೨೦೨೫ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಕೌಶಲವೋ ಅದೃಷ್ಟವೋ ಎಂಬುದು ನ್ಯಾಯಾಲಯಗಳ ಮುಂದಿದ್ದ ವಾದ. ಶುದ್ಧವಾದ ದಾಳವನ್ನು ಒದಗಿಸುವವರು ಯಾರು ಎಂಬ ಕೌಟಿಲ್ಯನ ಪ್ರಶ್ನೆ ಆ ವಾದದಲ್ಲಿ ಹಿಂದೆ ಸರಿದಿತ್ತು.

ಕೈ ಸೋಕದ ಸಾಧನ ಸಂಶಯದ ಫಲ ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ಸಂಧಿವಾತದಿಂದ ಬೆರಳು ಮಡಿಸಲಾಗದವರು, ಕೈ ನಡುಗುವವರು, ಕೈ ಇಲ್ಲದವರು ಆಟಕ್ಕೆ ಕೂರಲು ಅದೊಂದೇ ದಾರಿ. ಇಂದು ಕೈಯಾಡಿಸಿದ್ದನ್ನು ಅವಗೆಂಪು ಕಿರಣದಿಂದ ಗುರುತಿಸಿ ಪುಟ್ಟ ಮೋಟಾರಿನಿಂದ ಡಬ್ಬಿಯನ್ನು ತಿರುಗಿಸುವ ಉಪಕರಣವನ್ನು ಕಡಿಮೆ ಖರ್ಚಿನಲ್ಲಿ ಮಾಡಬಹುದು. ಆದರೆ ಪೇಟೆಯಲ್ಲಿ ದೊರೆಯುವ ಗೋಪುರಗಳು ಆರು ಮುಖದ ದಾಳಕ್ಕಾಗಿ ಮಾಡಿದವು. ನಮ್ಮ ಕಡ್ಡಿದಾಳವನ್ನು ಅದರೊಳಗೆ ಹಾಕಿದರೆ ತುದಿಯ ಮೇಲೆ ನಿಂತು ತಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಪಗಡೆಗೆ ಬೇಕಾದದ್ದು ಗೋಪುರವಲ್ಲ, ಇಳಿಜಾರಿನ ದೋಣಿ. ಅದರ ಅಗಲ ದಾಳದ ಉದ್ದಕ್ಕಿಂತ ತುಸುವೇ ಹೆಚ್ಚಿರಬೇಕು, ದಾಳ ಅಡ್ಡಡ್ಡಲಾಗಿ ಮಲಗಿಯೇ ಇಳಿಯಬೇಕು, ತಳದಲ್ಲಿ ಅಡ್ಡಗೆರೆಯಂಥ ಏಣುಗಳಿದ್ದು ಪ್ರತಿ ಏಣಿನಲ್ಲಿಯೂ ಅದು ಮಗ್ಗುಲು ಬದಲಿಸಬೇಕು. ಇಲ್ಲವೇ ಅಡ್ಡಲಾಗಿ ಮಲಗಿಸಿದ ಪೀಪಾಯಿಯಂಥ ಡಬ್ಬಿ ತಿರುಗಬೇಕು. ಅಂಗೈಗಳ ಹೊಸೆತಕ್ಕೆ ಅದು ಹೆಚ್ಚು ಸಮೀಪದ್ದು. ಎರಡು ದಾಳಗಳ ನಡುವೆ ಗೋಡೆ ಬೇಡ, ಒಂದಕ್ಕೊಂದು ತಾಗುವುದೂ ಆಟದ ಭಾಗವೇ. ಪಕ್ಕಗಳು ಗಾಜಿನಂತೆ ತಿಳಿಯಾಗಿರಬೇಕು.

ಕವಡೆಗೆ ಈ ದೋಣಿಯೂ ಒಗ್ಗುವುದಿಲ್ಲ. ಅದರ ಗುಂಡು ಬೆನ್ನು ಇಳಿಜಾರಿನಲ್ಲಿ ಮಗುಚುವ ಬದಲು ಜಾರುತ್ತದೆ, ಹಾಕಿದ ಮೈಯೇ ಬಿದ್ದ ಮೈಯಾಗುತ್ತದೆ. ಅದನ್ನು ಎತ್ತರದಿಂದ ಬೀಳಿಸಬೇಕು. ಕರಟದಂಥ ಪಾತ್ರೆಯಲ್ಲಿ ಕುಲುಕಿ ಬೋರಲು ಹಾಕುವ ಸನ್ನೆಗೋಲೊಂದಿದ್ದರೆ ಸಾಕಾಗುತ್ತದೆ. ಒರಗಿ ನಿಂತ ಕವಡೆಯನ್ನು ಎಣಿಸಬೇಕೋ ಬಿಡಬೇಕೋ ಎಂಬುದನ್ನು ಮಾತ್ರ ಆಡಲು ಕುಳಿತವರು ಮೊದಲಿನಂತೆಯೇ ಮಾತಾಡಿಕೊಳ್ಳಬೇಕು.